ಗಾಡಿ ಏರುವ ಮುನ್ನ ಜೇಬು ಬರಿದಾಗಲಿ

(ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ವಿಹಾರ ಸಮಿತಿಯ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ವಾಚನಾಲಯದ ಮಕ್ಕಳನ್ನೂ ಅವರ ತಾಯಿತಂದೆಯರನ್ನೂ ಕರೆದುಕೊಂಡು ಬರುವ ತಿಂಗಳು ಖೋಪೋಲಿಯ ಕಡೆಗೆ ವಿಹಾರಕ್ಕೆ ಹೋಗುವುದೆಂದು ಸಂಘವು ಗೊತ್ತುಮಾಡಿದೆ. ಅಲ್ಲಿಯ ಆಟದ ತೋಟದಲ್ಲಿ ರೋಲರ್ ಕೋಸ್ಟರ್ ಎಂಬ ಹಳಿಗಾಡಿ ಇದೆ. ಅದನ್ನು ಏರಬೇಕೆಂದು ಮಕ್ಕಳು ಈಗಿನಿಂದಲೇ ದಿನ ಎಣಿಸುತ್ತಿದ್ದಾರೆ. ಏರಲಿ, ಸಂತೋಷ. ಆದರೆ ಏರುವ ಮುನ್ನ ಮೈಮೇಲೆ ಏನಿರಬೇಕು, ಏನಿರಬಾರದು ಎಂಬ ಚಿಕ್ಕ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದು ಸಮಿತಿ ನಮಗೆ ಅಪ್ಪಣೆ ಮಾಡಿದೆ. ನಾವು ಪಂಡಿತರಲ್ಲ. ಮೆಟ್ರಿಕ್‌ವರೆಗೆ ಓದಿ ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರು. ಆದರೆ ತಿರುಗುವ ಯಂತ್ರದ ಹತ್ತಿರ ಸಡಿಲ ವಸ್ತು ಇರಬಾರದೆಂಬ ಪಾಠವನ್ನು ಗಿರಣಿಯ ಅನ್ನ ತಿಂದವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

ಮುಂಬಯಿಗೂ ಈ ಹಳಿಗಾಡಿಗೂ ಇರುವ ನಂಟು ಬಹಳ ಹಳೆಯದೇನೂ ಅಲ್ಲ. ಮಾಹಿಮದ ಉರುಸಿನಲ್ಲಿ, ಬಾಂದ್ರಾದ ಮೌಂಟ್ ಮೇರಿ ಜಾತ್ರೆಯಲ್ಲಿ ದೊಡ್ಡ ತೊಟ್ಟಿಲುಗಳು ತಿರುಗುತ್ತ ಬಂದಿವೆ. 1989ರಲ್ಲಿ ಗೋರಾಯಿಯಲ್ಲಿ ಎಸ್ಸೆಲ್ ವರ್ಲ್ಡ್ ತೆರೆಯಿತು. ಖಾಡಿಯನ್ನು ದೋಣಿಯಲ್ಲಿ ದಾಟಿ ಅಲ್ಲಿಗೆ ಹೋಗುವುದೇ ನಮ್ಮ ತಲೆಮಾರಿನ ಮಕ್ಕಳಿಗೆ ಅರ್ಧ ಆಟವಾಗಿತ್ತು. 2020ರ ಮಹಾಮಾರಿಯ ತರುವಾಯ ಅದರ ಬಾಗಿಲು ಮುಚ್ಚಿತು. ಇತ್ತ 2013ರಲ್ಲಿ ರಾಯಗಡ ಜಿಲ್ಲೆಯ ಖೋಪೋಲಿಯ ಬಳಿ, ಮುಂಬಯಿ-ಪುಣೆ ಹೆದ್ದಾರಿಯ ಮಗ್ಗುಲಲ್ಲಿ, ಇಮ್ಯಾಜಿಕಾ ತೆರೆಯಿತು. ಅದೇ ವರ್ಷ ಅಲ್ಲಿ ಓಡತೊಡಗಿದ ‘ನೈಟ್ರೋ’ ಎಂಬ ಗಾಡಿಯನ್ನು ಕಟ್ಟಿದವರು ಸ್ವಿಜರ್ಲೆಂಡಿನ ಬೋಲಿಜರ್ ಮತ್ತು ಮಬಿಯಾರ್ ಎಂಬ ಕಂಪನಿಯವರು. ಅದರ ಎತ್ತರ ಸುಮಾರು 40 ಮೀಟರು, ಎಂದರೆ ಹದಿಮೂರು ಮಾಳಿಗೆಯ ಕಟ್ಟಡದಷ್ಟು. ವೇಗ ಗಂಟೆಗೆ ನೂರು ಕಿಲೋಮೀಟರನ್ನು ಮೀರುತ್ತದೆ. ಒಂದು ಸುತ್ತಿನಲ್ಲಿ ಐದು ಸಲ ತಲೆಕೆಳಗು ಮಾಡುತ್ತದೆ. ಕಾಲ ಕೆಳಗೆ ನೆಲಗಟ್ಟೂ ಇಲ್ಲ. ಕಾಲುಗಳು ಗಾಳಿಯಲ್ಲಿ ತೂಗುತ್ತಿರುತ್ತವೆ.

ಈ ಆಟ ಹುಟ್ಟಿದಾಗ ಹೀಗಿರಲಿಲ್ಲ. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಮ್ಸನ್ ಎಂಬವನು ಹಾಕಿದ ಗಾಡಿ ಗಂಟೆಗೆ ಹತ್ತು ಕಿಲೋಮೀಟರಿನಷ್ಟು ಮಾತ್ರ ಓಡುತ್ತಿತ್ತು. ನಮ್ಮ ದಾದರಿನ ಜನ ಲೋಕಲ್ ಹಿಡಿಯಲು ಅದಕ್ಕಿಂತ ಜೋರಾಗಿ ಓಡುತ್ತಾರೆ. ಆ ಗಾಡಿಯಲ್ಲಿ ಕೂತವರ ಟೊಪ್ಪಿಗೆ ತಲೆಯ ಮೇಲೆಯೇ ಉಳಿಯುತ್ತಿದ್ದಿರಬೇಕು. 1919ರಲ್ಲಿ ಜಾನ್ ಮಿಲ್ಲರ್ ಎಂಬ ಶಿಲ್ಪಿ ಹಳಿಯ ಅಡಿಯಿಂದಲೂ ಹಿಡಿಯುವ ಚಕ್ರಕ್ಕೆ ಹಕ್ಕುಪತ್ರ ಪಡೆದನು. ಅಂದಿನಿಂದ ಗಾಡಿ ಹಳಿಬಿಟ್ಟು ಹಾರುವ ಭಯ ಹೋಯಿತು. ಗುಡ್ಡಗಳು ಎತ್ತರವಾದವು, ಇಳಿಜಾರುಗಳು ಕಡಿದಾದವು. ಮೇಲೊಂದು, ಪಕ್ಕಕ್ಕೊಂದು, ಅಡಿಯಲ್ಲೊಂದು ಎಂದು ಮೂರು ಬಗೆಯ ಚಕ್ರ ಗಾಡಿಯನ್ನು ಹಳಿಗೆ ಹಿಡಿದಿರುತ್ತವೆ. ಎದೆಯ ಮೇಲೆ ಅಥವಾ ತೊಡೆಯ ಮೇಲೆ ಇಳಿಯುವ ಕಂಬಿ ನಮ್ಮನ್ನು ಗಾಡಿಗೆ ಹಿಡಿದಿರುತ್ತದೆ. ಹೀಗೆ ಗಾಡಿಗೂ ಹಿಡಿತವುಂಟು, ಮನುಷ್ಯನಿಗೂ ಹಿಡಿತವುಂಟು. ಹಿಡಿತವಿಲ್ಲದಿರುವುದು ಒಂದಕ್ಕೇ, ನಮ್ಮ ಜೇಬಿನಲ್ಲಿರುವ ಸಾಮಾನಿಗೆ.

ಸಾಮಾನು ಏಕೆ ಹಾರುತ್ತದೆ ಎಂದು ಮಕ್ಕಳು ಕೇಳಬಹುದು. ತಂಬಿಗೆಗೆ ನೀರು ತುಂಬಿ, ಹಗ್ಗ ಕಟ್ಟಿ ಗಿರ್ರನೆ ತಿರುಗಿಸಿ ನೋಡಿರಿ. ತಂಬಿಗೆ ತಲೆಕೆಳಗಾದರೂ ನೀರು ಚೆಲ್ಲುವುದಿಲ್ಲ. ವೇಗ ಕಡಿಮೆಯಾದರೆ ಮೈಯೆಲ್ಲ ಒದ್ದೆ. ದೊಡ್ಡ ಸುತ್ತಿನಲ್ಲಿ ತಲೆಕೆಳಗಾಗುವಾಗ ವೇಗ ಸಾಕಷ್ಟಿದ್ದರೆ ಜೇಬಿನ ವಸ್ತು ಜೇಬಿನಲ್ಲೇ ಕೂತಿರುತ್ತದೆ. ಆದುದರಿಂದ ಕೆಲವರು, “ನಾವು ತಲೆಕೆಳಗಾಗಿ ಬಂದೆವು, ಒಂದು ಪೈಸೆಯೂ ಬೀಳಲಿಲ್ಲ” ಎಂದು ಹೇಳಿಕೊಳ್ಳುವುದುಂಟು. ಆದರೆ ಗುಡ್ಡದ ನೆತ್ತಿಯನ್ನು ದಾಟಿ ಗಾಡಿ ಒಮ್ಮೆಲೆ ಕೆಳಗಿಳಿಯುವಾಗ ಲೆಕ್ಕ ಬೇರೆ. ಹಳಿ ಕೆಳಗೆ ಬಾಗಿ ಹೋಗುತ್ತದೆ. ನಮ್ಮ ದೇಹ ಹಿಂದಿನ ದಾರಿಯಲ್ಲೇ ಮುಂದಕ್ಕೆ ಹೋಗಬಯಸುತ್ತದೆ. ಆ ಗಳಿಗೆಯಲ್ಲಿ ಪೃಷ್ಠ ಆಸನವನ್ನು ಬಿಟ್ಟು ಏಳುತ್ತದೆ, ಹೊಟ್ಟೆಯಲ್ಲಿ ಚಿಟ್ಟೆ ಆಡಿದಂತಾಗುತ್ತದೆ. ಆ ಸುಖಕ್ಕಾಗಿಯೇ ಜನ ಟಿಕೇಟು ಕೊಂಡಿರುತ್ತಾರೆ. ನಮ್ಮನ್ನು ಕಂಬಿ ಕೆಳಗೆಳೆಯುತ್ತದೆ. ಅಂಗಿಯ ಜೇಬಿನ ಮೊಬೈಲನ್ನು ಯಾರು ಎಳೆಯಬೇಕು? ಅದು ಮೆಲ್ಲಗೆ ಎದ್ದು ತನ್ನ ದಾರಿ ಹಿಡಿಯುತ್ತದೆ.

ಅದು ಕೆಳಗೆ ಬೀಳುವ ಲೆಕ್ಕವನ್ನು ನಾವು ಗುಮಾಸ್ತರ ರೀತಿಯಲ್ಲೇ ಹಾಕಿ ನೋಡಿದೆವು. ಈಗಿನ ಮೊಬೈಲು ಸುಮಾರು 200 ಗ್ರಾಂ ತೂಗುತ್ತದೆ. 40 ಮೀಟರಿನಿಂದ ಬಿದ್ದ ವಸ್ತು, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ನೆಲ ಮುಟ್ಟುವಾಗ ಸೆಕೆಂಡಿಗೆ 28 ಮೀಟರಿನ ವೇಗದಲ್ಲಿರುತ್ತದೆ. ಎಂದರೆ ಗಂಟೆಗೆ ಸುಮಾರು 100 ಕಿಲೋಮೀಟರು. ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಆಜಾದ್ ಮೈದಾನದಲ್ಲಿ ಒಬ್ಬ ಹುಡುಗ ನೂರು ಕಿಲೋಮೀಟರು ವೇಗದಲ್ಲಿ ಚೆಂಡೆಸೆದರೆ ಎದುರಿನವನು ಕಾಲಿಗೆ ಪ್ಯಾಡು, ಕೈಗೆ ಗವಸು, ತಲೆಗೆ ಹೆಲ್ಮೆಟು ಹಾಕಿಕೊಂಡು ನಿಲ್ಲುತ್ತಾನೆ. ಅದಕ್ಕಿಂತ ಭಾರದ, ಮೂಲೆಗಳುಳ್ಳ ವಸ್ತು ಅದೇ ವೇಗದಲ್ಲಿ, ಐಸ್‌ಕ್ರೀಂ ತಿನ್ನುತ್ತ ನಿಂತ ಮಗುವಿನ ತಲೆಯ ಮೇಲೆ ಬಂದರೆ ಏನಾದೀತು?

ನೇರ ಕೆಳಗೆ ಯಾರೂ ನಿಂತಿಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವಂತೆಯೂ ಇಲ್ಲ. ಓಡುವ ಲೋಕಲಿನಿಂದ ಬಿದ್ದ ಕೊಡೆ ಬಿದ್ದಲ್ಲೇ ನಿಲ್ಲುವುದಿಲ್ಲ, ಗಾಡಿಯ ದಿಕ್ಕಿಗೇ ಉರುಳುತ್ತ ಹೋಗುತ್ತದೆ. ಇಲ್ಲಿಯೂ ಹಾಗೆಯೇ. 40 ಮೀಟರು ಬೀಳಲು ಹಿಡಿಯುವ ಸಮಯ ಮೂರು ಸೆಕೆಂಡಿಗೆ ಸ್ವಲ್ಪ ಕಡಿಮೆ. ಆಗ ಗಾಡಿ ಸೆಕೆಂಡಿಗೆ 10 ಮೀಟರು ಓಡುತ್ತಿದ್ದರೆ ವಸ್ತು ಸುಮಾರು 28 ಮೀಟರು ಮುಂದೆ ಹೋಗಿ ಬೀಳುತ್ತದೆ. ಅಲ್ಲಿ ಬೇಲಿ ಇರಬಹುದು, ಇಲ್ಲದೆಯೂ ಇರಬಹುದು.

ಕೆಳಗಿನವರಿಗೆ ಮಾತ್ರವಲ್ಲ, ಅದೇ ಗಾಡಿಯ ಹಿಂದಿನ ಆಸನದವರಿಗೂ ಅಪಾಯವುಂಟು. ಗಾಳಿಯಲ್ಲಿ ಒಂದು ಕ್ಷಣ ನಿಂತಂತಿರುವ ವಸ್ತುವಿಗೆ ಅವರ ಮುಖವೇ ಹೋಗಿ ಬಡಿಯುತ್ತದೆ. 1999ರ ಮಾರ್ಚ್ 30ರಂದು ಅಮೆರಿಕದ ವರ್ಜೀನಿಯಾದಲ್ಲಿ ಹೊಸ ಗಾಡಿಯೊಂದರ ಉದ್ಘಾಟನೆಗೆ ಫಾಬಿಯೋ ಎಂಬ ಹೆಸರಾಂತ ರೂಪದರ್ಶಿಯನ್ನು ಕೂಡಿಸಿದ್ದರು. ದಾರಿಯಲ್ಲಿ ಹಾರುತ್ತಿದ್ದ ಹೆಬ್ಬಾತೊಂದು ಅವನ ಮುಖಕ್ಕೆ ಬಡಿಯಿತು. ಮೂಗಿನಿಂದ ರಕ್ತ ಸುರಿಸುತ್ತ ಇಳಿದನು. ಜಗತ್ತೇ ನಕ್ಕಿತು. ಹೆಬ್ಬಾತನ್ನು ಯಾರೂ ಜೇಬಿನಲ್ಲಿ ತಂದಿರಲಿಲ್ಲ, ನಿಜ. ಆದರೆ ಮೆತ್ತನೆಯ ಹಕ್ಕಿಯೇ ಅಷ್ಟು ಮಾಡಿದರೆ ಬೀಗದ ಕೈಗೊಂಚಲು ಎಷ್ಟು ಮಾಡೀತೆಂಬುದನ್ನು ಎಣಿಸಿರಿ. ಎಣಿಸಬೇಕಾಗಿಯೂ ಇಲ್ಲ. ಫ್ಲೋರಿಡಾದ ಯುನಿವರ್ಸಲ್ ತೋಟದಲ್ಲಿ ಎರಡು ಗಾಡಿಗಳು ಎದುರುಬದುರಾಗಿ ಬಂದು, ಇನ್ನೇನು ಡಿಕ್ಕಿಯಾಯಿತು ಎನ್ನುವಷ್ಟರಲ್ಲಿ ಬೇರೆಬೇರೆಯಾಗಿ ಹೋಗುವ ಆಟವಿತ್ತು. 2011ರಲ್ಲಿ ಅಲ್ಲಿ ಹಾರಿ ಬಂದ ವಸ್ತು ಬಡಿದು ಒಬ್ಬ ಪ್ರಯಾಣಿಕನ ಕಣ್ಣು ಹೋಯಿತೆಂದು ವರದಿಯಾಯಿತು. ಆ ಮೇಲೆ ಎರಡೂ ಗಾಡಿಗಳನ್ನು ಒಟ್ಟಿಗೆ ಬಿಡುವುದನ್ನು ನಿಲ್ಲಿಸಿದರು. 2015ರಲ್ಲಿ ಆ ತೋಟದ ದೊಡ್ಡ ಗಾಡಿಗಳ ಬಾಗಿಲಲ್ಲಿ, ವಿಮಾನ ನಿಲ್ದಾಣದಲ್ಲಿರುವಂತೆ, ಲೋಹ ಹಿಡಿಯುವ ಯಂತ್ರಗಳನ್ನೇ ನಿಲ್ಲಿಸಿದರು. ಬೋರ್ಡು ಹಾಕಿದರೆ ಜನ ಕೇಳುವುದಿಲ್ಲವೆಂಬುದು ನಮ್ಮ ದೇಶದ ದೂರು ಮಾತ್ರವಲ್ಲ ಎಂದಾಯಿತು.

ಇವೆಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅದು ವಸ್ತು ಬೀಳುವುದರಲ್ಲಿಲ್ಲ; ಬಿದ್ದುದನ್ನು ಹೆಕ್ಕಲು ಹೋಗುವುದರಲ್ಲಿದೆ. 2015ರ ಆಗಸ್ಟಿನಲ್ಲಿ ಅಮೆರಿಕದ ಒಹಾಯೋ ರಾಜ್ಯದ ಸೀಡರ್ ಪಾಯಿಂಟ್ ಎಂಬ ತೋಟದಲ್ಲಿ ಒಬ್ಬನು ಕಳೆದ ಮೊಬೈಲನ್ನು ಹುಡುಕಲು ಬೇಲಿ ಹಾರಿ ಒಳಗೆ ಹೋದನು. ಗಾಡಿ ಬಡಿದು ಸತ್ತನು. 2024ರ ಜೂನಿನಲ್ಲಿ ಅದೇ ರಾಜ್ಯದ ಕಿಂಗ್ಸ್ ಐಲೆಂಡ್ ಎಂಬಲ್ಲಿ ಇನ್ನೊಬ್ಬನು, ಆಟದಲ್ಲಿ ಬಿದ್ದ ಬೀಗದ ಕೈಗಾಗಿ ನಿಷೇಧದ ಜಾಗಕ್ಕೆ ಇಳಿದನು. ಅವನ ಗತಿಯೂ ಅದೇ ಆಯಿತು. ಈ ಎರಡು ಆಟಗಳಲ್ಲಿಯೂ ಗಾಡಿ ಹಳಿಯ ಮೇಲೆ ಓಡುವುದಿಲ್ಲ. ಹಳಿಯ ಕೆಳಗೆ ತೂಗಿಕೊಂಡು ಓಡುತ್ತದೆ. ಕೆಳಗೆ ನಿಂತವನು ಹಳಿಯನ್ನು ನೋಡಿ, “ಅಷ್ಟೆತ್ತರದಲ್ಲಿದೆ, ನಮ್ಮ ತಲೆಗೆ ತಾಗದು” ಎಂದುಕೊಳ್ಳುತ್ತಾನೆ. ಗಾಡಿಯೂ, ಅದರಲ್ಲಿ ಕೂತವರ ಕಾಲುಗಳೂ ಹಳಿಗಿಂತ ಎಷ್ಟೋ ಕೆಳಗೆ ಬರುತ್ತವೆ ಎಂಬುದು ಹೊಳೆಯುವುದಿಲ್ಲ.

ಇದನ್ನು ಕೇಳಿ, “ಒಂದು ಬೀಗದ ಕೈಗಾಗಿ ಜೀವ ಕೊಡುವ ಮರುಳರೂ ಇದ್ದಾರೆಯೇ?” ಎಂದು ನಗಬೇಡಿರಿ. ನಮ್ಮ ಊರಿನ ಲೋಕಲ್ ಬಾಗಿಲುಗಳನ್ನು ನೆನೆಯಿರಿ. ಹಳಿಯ ಪಕ್ಕದಲ್ಲಿ ಕೋಲು ಹಿಡಿದು ನಿಂತ ಕಳ್ಳ ಬಾಗಿಲಲ್ಲಿ ನಿಂತವನ ಕೈಗೆ ‘ಫಟ್ಕಾ’ ಹೊಡೆದು ಮೊಬೈಲು ಬೀಳಿಸುತ್ತಾನೆ. ಹಿಂದುಮುಂದು ನೋಡದೆ ಓಡುವ ಗಾಡಿಯಿಂದ ಧುಮುಕಿದವರ ಸುದ್ದಿಯನ್ನು ಇದೇ ಮೇಜಿನ ಮೇಲಿನ ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ. ಅವರು ಮರುಳರಲ್ಲ. ತಿಂಗಳ ಸಂಬಳವನ್ನು ಕಂತಿನಲ್ಲಿ ಕಟ್ಟಿ ಕೊಂಡ ವಸ್ತು ಅದು. ಊರಿನ ಅಮ್ಮನ ನಂಬರು, ಮಗುವಿನ ಚಿತ್ರ, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರೊಳಗೇ ಇರುತ್ತದೆ. ಕೈ ಖಾಲಿಯಾದೊಡನೆ ಕಾಲು ತಾನಾಗಿ ಓಡುತ್ತದೆ. ಬುದ್ಧಿ ಆಮೇಲೆ ಬರುತ್ತದೆ. ಹಣವಂತನು “ಹೋದರೆ ಹೋಗಲಿ” ಎಂದಾನು. ನಮ್ಮಂಥವರು ಹಾಗೆನ್ನಲಾರೆವು. ಆದುದರಿಂದಲೇ ಸಾಮಾನು ಬೀಳದಂತೆ ಮೊದಲೇ ನೋಡಿಕೊಳ್ಳುವ ಅಗತ್ಯ ನಮಗೆ ಉಳಿದವರಿಗಿಂತ ಹೆಚ್ಚು.

ಇನ್ನು ಬೀಳದೆ ಸಿಕ್ಕಿಕೊಳ್ಳುವ ವಸ್ತುಗಳ ವಿಚಾರ. ಸೆರಗು, ದುಪಟ್ಟಾ, ಜಡೆ, ಕೊರಳಿಗೆ ಹಾಕಿಕೊಂಡ ಕಚೇರಿಯ ಗುರುತುಚೀಟಿಯ ಪಟ್ಟಿ, ಮಕ್ಕಳ ನೀರಿನ ಬಾಟಲಿಯ ದಾರ, ಇವು ಹಾರಿಹೋದರೆ ಪುಣ್ಯ. ಸಿಕ್ಕಿಕೊಂಡರೆ ಮನುಷ್ಯನನ್ನೂ ಜೊತೆಗೆ ಎಳೆಯುತ್ತವೆ. 1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಇಸಡೋರಾ ಡಂಕನ್ ಎಂಬ ಜಗತ್ಪ್ರಸಿದ್ಧ ನರ್ತಕಿ ತೆರೆದ ಮೋಟಾರಿನಲ್ಲಿ ಕೂತಿದ್ದಳು. ಕೊರಳ ಉದ್ದನೆಯ ವಸ್ತ್ರ ಚಕ್ರಕ್ಕೆ ಸುತ್ತಿ ಆಕೆ ಸತ್ತಳು. 2018ರ ಫೆಬ್ರುವರಿಯಲ್ಲಿ ಹರಿಯಾಣದ ಪಿಂಜೋರಿನ ಆಟದ ತೋಟದಲ್ಲಿ ಒಬ್ಬ ತರುಣ ಗೃಹಿಣಿ ಪುಟ್ಟ ಆಟದ ಮೋಟಾರಿನಲ್ಲಿ ಕೂತಿದ್ದಳು. ಕೂದಲು ಚಕ್ರಕ್ಕೆ ಸಿಕ್ಕಿ ಮನೆಯವರ ಎದುರಿನಲ್ಲೇ ಪ್ರಾಣ ಬಿಟ್ಟಳು. ನಮ್ಮ ದೇಶದ ಮೋಟಾರು ನಿಯಮ ಬರೆದವರು ಈ ಅಪಾಯವನ್ನು ಅರಿತಿದ್ದರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯ ನಿಯಮವೊಂದಿದೆ: ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಮೋಟಾರುಸೈಕಲ್ಲಿನ ಹಿಂಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ರಕ್ಷೆ ಇರಲೇಬೇಕು. ಸೀರೆಯ ಸಲುವಾಗಿ ಹುಟ್ಟಿದ ಕಾನೂನು ಅದು ಎಂದರೂ ಸಲ್ಲುತ್ತದೆ.

ಗಿರಣಿಯ ಕಾನೂನು ಇನ್ನೂ ಹಳೆಯದು. 1948ರ ಕಾರ್ಖಾನೆ ಅಧಿನಿಯಮದ 22ನೆಯ ಕಲಮು ಹೇಳುತ್ತಿದ್ದುದೇನೆಂದರೆ, ಓಡುತ್ತಿರುವ ಯಂತ್ರವನ್ನು ಪರೀಕ್ಷಿಸುವ ಅಥವಾ ಅದಕ್ಕೆ ಎಣ್ಣೆ ಬಿಡುವ ಕೆಲಸವನ್ನು ತರಬೇತಿ ಪಡೆದ ವಯಸ್ಕ ಕೆಲಸಗಾರನೇ ಮಾಡಬೇಕು. ಅವನು ಮೈಗೊಪ್ಪುವ ಬಿಗಿಯಾದ ಉಡುಪು ಧರಿಸಿರಬೇಕಾಗಿತ್ತು. ಆ ಉಡುಪನ್ನು ಮಾಲಿಕನೇ ಒದಗಿಸಬೇಕಾಗಿತ್ತು. ಧೋತರದ ಅಂಚು, ಅಂಗಿಯ ಸಡಿಲ ತೋಳು ಪಟ್ಟಾಕ್ಕೆ ಸಿಕ್ಕಿ ಕೈಕಾಲು ಕಳೆದುಕೊಂಡವರ ನೋವಿನಿಂದ ಹುಟ್ಟಿದ ಮಾತು ಅದು. ಮುಂಬಯಿಯ ಹಳೆಯ ಹತ್ತಿ ಗಿರಣಿಗಳು ಬಹುತೇಕ ಮುಚ್ಚಿದವು; ಕೆಲವುಗಳ ಅಂಗಳದಲ್ಲಿ ಮಾಲುಗಳು ಎದ್ದಿವೆ. ದುಡಿಮೆಯ ಯಂತ್ರ ಹೋಗಿ ಆಟದ ಯಂತ್ರ ಬಂದಿದೆ. ಆದರೆ ತಿರುಗುವ ಚಕ್ರಕ್ಕೆ ಇದು ದುಡಿಮೆ, ಇದು ಆಟ ಎಂಬ ಭೇದ ತಿಳಿಯದು.

ಆ ಕಲಮಿನಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಮಾತಿತ್ತು. ಬಿಗಿ ಉಡುಪು ತೊಡುವುದು ಕೆಲಸಗಾರನ ಹೊಣೆ. ಒದಗಿಸುವುದು ಮಾಲಿಕನ ಹೊಣೆ. ಆಟದ ತೋಟಗಳಿಗೂ ಇದೇ ನ್ಯಾಯ ಸಲ್ಲಬೇಕೆಂದು ನಮ್ಮ ಅಭಿಪ್ರಾಯ. ಜೇಬು ಬರಿದು ಮಾಡಿರಿ ಎಂದು ಬೋರ್ಡು ಹಾಕಿದರೆ ಸಾಲದು. ಬರಿದು ಮಾಡಿದ ಸಾಮಾನನ್ನು ಇಡಲು ಗಾಡಿಯ ಹತ್ತಿರವೇ ಗೂಡು ಇರಬೇಕು. ಅದರ ಬಾಡಿಗೆ ಬಡವನ ಕೈಗೆ ಎಟುಕುವಂತಿರಬೇಕು. ಐದು ಜನರ ಸಂಸಾರ ಟಿಕೇಟಿಗೇ ಕೂಡಿಟ್ಟ ಹಣ ಸುರಿದ ಮೇಲೆ ಗೂಡಿಗೂ ಬೇರೆ ಹಣ ಎಂದರೆ, ಮನೆಯ ಯಜಮಾನ “ಇರಲಿ ಬಿಡು, ಜೇಬಿನಲ್ಲೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ” ಎನ್ನುತ್ತಾನೆ. ಆಗ ಅವನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ.

ಹಾಗೆಂದು ಎಲ್ಲ ಅಪಘಾತಗಳೂ ಜೇಬಿನಿಂದಲೇ ಹುಟ್ಟುತ್ತವೆಂದು ಹೇಳುತ್ತಿಲ್ಲ. 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುಯ್ಯಾಲೆಯಂಥ ಯಂತ್ರವೇ ಮುರಿದು ಬಿದ್ದು ಇಬ್ಬರು ಸತ್ತರು, ಹಲವರು ಗಾಯಗೊಂಡರು. ಅದರಲ್ಲಿ ಕೂತವರ ತಪ್ಪೇನೂ ಇರಲಿಲ್ಲ. ಯಂತ್ರ ಗಟ್ಟಿಯಿದೆಯೇ ಎಂದು ನೋಡುವುದು ನಡೆಸುವವರ ಮತ್ತು ಸರಕಾರದ ಕೆಲಸ. ನಮ್ಮ ಕೈಯಲ್ಲಿರುವುದು ನಮ್ಮ ಜೇಬು, ನಮ್ಮ ಸೆರಗು, ನಮ್ಮ ಮಕ್ಕಳ ಕೊರಳು. ನಮ್ಮ ಪಾಲಿನದನ್ನು ನಾವು ಸರಿಯಾಗಿ ಮಾಡಿದರೆ ಅವರ ಪಾಲಿನದನ್ನು ಕೇಳುವ ಬಾಯಿಗೆ ಬಲ ಬರುತ್ತದೆ.

ಈಗ ವಿಹಾರದ ದಿವಸದ ಏರ್ಪಾಡನ್ನು ಅರಿಕೆ ಮಾಡುತ್ತೇವೆ. ಗಿರಣಿಯ ಬಾಗಿಲಲ್ಲಿ ಬಿಲ್ಲೆ ಕೊಡುವ ಪದ್ಧತಿ ನಿಮ್ಮಲ್ಲಿ ಹಲವರಿಗೆ ಗೊತ್ತು. ಅದನ್ನೇ ಇಲ್ಲಿ ಮಾಡುವೆವು. ಒಂದೊಂದು ಸಂಸಾರಕ್ಕೆ ಒಂದೊಂದು ಬಟ್ಟೆಯ ಚೀಲ. ಅದರ ಮೇಲೆ ನಂಬರು. ಅದೇ ನಂಬರಿನ ಬಿಲ್ಲೆ ಸಂಸಾರದ ಹಿರಿಯರಿಗೆ. ಬಿಲ್ಲೆಯೂ ಹಾರಿಹೋದೀತು ಎಂದು ಕಳೆದ ಸಭೆಯಲ್ಲಿ ಒಬ್ಬ ಹುಡುಗ ನಕ್ಕನು. ಅವನ ಮಾತು ನ್ಯಾಯವಾದದ್ದೇ. ಆದುದರಿಂದ ಬಿಲ್ಲೆಯನ್ನು ಅಂಗಿಯ ಒಳಗಡೆಗೆ ಪಿನ್ನಿನಿಂದ ಚುಚ್ಚಿಕೊಳ್ಳತಕ್ಕದ್ದು; ಮೇಲಾಗಿ ಯಾರದು ಯಾವ ನಂಬರೆಂದು ಪುಸ್ತಕದಲ್ಲಿಯೂ ಬರೆದಿಡುವೆವು. ಗಾಡಿ ಏರುವ ಪ್ರತಿ ಹತ್ತು ಜನಕ್ಕೆ ಒಬ್ಬ ಸ್ವಯಂಸೇವಕ ಕೆಳಗೆ ಚೀಲಗಳೊಂದಿಗೆ ನಿಲ್ಲುವನು. ಅವನಿಗೆ ಆಟ ತಪ್ಪಬಾರದೆಂದು ಸರದಿಯನ್ನೂ ಗೊತ್ತುಮಾಡಿದ್ದೇವೆ.

ಚೀಲಕ್ಕೆ ಹೋಗತಕ್ಕ ಸಾಮಾನು ಇವು: ಮೊಬೈಲು, ಹಣದ ಪಾಕೀಟು, ಬೀಗದ ಕೈ, ಚಿಲ್ಲರೆ, ಪೆನ್ನು, ಕೈಗಡಿಯಾರ, ಟೊಪ್ಪಿಗೆ, ದುಪಟ್ಟಾ, ಕೊರಳ ಗುರುತುಚೀಟಿ, ಸೆಲ್ಫಿ ಕೋಲು, ಸಡಿಲ ಬಳೆ, ಜೋಲುವ ಓಲೆ. ಕನ್ನಡಕವಿಲ್ಲದೆ ಆಗದವರು ತಲೆಯ ಹಿಂದೆ ಬಿಗಿಯುವ ಪಟ್ಟಿ ಹಾಕಿಕೊಳ್ಳಲಿ. ಗಾಡಿಯವರು ಬೇಡವೆಂದರೆ ಅದನ್ನೂ ಕಳಚಲಿ. ಹಿರಿಯರ ಕಟ್ಟಿಸಿದ ಹಲ್ಲು, ಕಿವಿಯ ಯಂತ್ರ ಇವನ್ನು ಹೇಳಿಕೊಳ್ಳಲು ಸಂಕೋಚ ಬೇಡ. ಅವಕ್ಕೆ ಮುಚ್ಚಳದ ಡಬ್ಬಿ ತರುವೆವು. ಚಪ್ಪಲಿ ಬಿಡಿಸುವ ಗಾಡಿಯಾದರೆ ಚಪ್ಪಲಿಯನ್ನು ಅಲ್ಲಿಯೇ ಬಿಡಬೇಕು. ಉದ್ದ ಜಡೆಯವರು ತುರುಬು ಕಟ್ಟಿಕೊಳ್ಳಬೇಕು. ಅಂದು ಸೀರೆಗಿಂತ ಸಲವಾರು ಅನುಕೂಲ. ಸೀರೆಯೇ ಆದರೆ ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿಯಾಗಿ ಸಿಕ್ಕಿಸಬೇಕು.

ಮಂಗಳಸೂತ್ರದ ಮಾತನ್ನು ತಾಯಂದಿರು ಕೇಳಿದ್ದಾರೆ. ಅದನ್ನು ಕಳಚಿರಿ ಎಂದು ನಾವು ಯಾರಿಗೂ ಹೇಳುವವರಲ್ಲ. ರವಿಕೆಯ ಒಳಗೆ ಸೇರಿಸಿ ಒಳಬದಿಯಿಂದ ಪಿನ್ನು ಹಾಕಿಕೊಂಡರೆ ಹೊರಗೆ ಹಾರಾಡದು. ಹಾಗೆ ಮಾಡಿಯೂ ಗಾಡಿಯವರು ಬಿಡದಿದ್ದರೆ, ಅಥವಾ ನಿಮಗೇ ಧೈರ್ಯ ಬಾರದಿದ್ದರೆ, ಆ ಒಂದು ಗಾಡಿಯನ್ನು ಬಿಡಿರಿ. ಏರದಿದ್ದರೆ ಯಾರೂ ಹೇಡಿ ಎನ್ನುವುದಿಲ್ಲ. ಹಾಗೆನ್ನುವ ಹುಡುಗರಿದ್ದರೆ ಅವರನ್ನು ಅಂದು ಚೀಲ ಕಾಯಲು ನಿಲ್ಲಿಸುವೆವು.

ಕಡೆಯದಾಗಿ, ಇಷ್ಟೆಲ್ಲ ಮಾಡಿಯೂ ಏನಾದರೂ ಬಿದ್ದರೆ? ಎರಡೇ ಮಾತು ನೆನಪಿರಲಿ. ಗಾಡಿಯ ಮೇಲಿರುವಾಗ ಹಾರುವ ವಸ್ತುವಿಗೆ ಕೈ ಚಾಚಬಾರದು; ಎರಡೂ ಕೈ ಕಂಬಿಯ ಮೇಲಿರಲಿ. ಇಳಿದ ಮೇಲೆ ಬೇಲಿಯ ಕಡೆಗೆ ಹೆಜ್ಜೆ ಇಡಬಾರದು. ಆಟದವರಿಗೆ ತಿಳಿಸಬೇಕು, ಗಾಡಿ ನಿಲ್ಲಿಸಿದ ಮೇಲೆ ಅವರೇ ಹುಡುಕಿ ಕೊಡಬೇಕು. ಸಂಜೆಯಾದರೂ ಆಗಲಿ, ಮರುದಿನವಾದರೂ ಆಗಲಿ, ಸಿಕ್ಕದೆಯೇ ಹೋಗಲಿ. ಕಳೆದ ಮೊಬೈಲಿಗೆ ಇನ್ನೊಂದು ವರ್ಷ ಕಂತು ಕಟ್ಟಬಹುದು. ಬೇಲಿ ಹಾರಿದ ಮಗನಿಗೆ ಯಾವ ಕಂತೂ ಇಲ್ಲ.

ಚೀಲಗಳನ್ನು ಹೊಲಿದು ಕೊಡಲು ಮಹಿಳಾ ವಿಭಾಗದವರು ಒಪ್ಪಿದ್ದಾರೆ. ಹಳೆಯ ಗಟ್ಟಿ ಬಟ್ಟೆ ಇದ್ದವರು ವಾಚನಾಲಯದಲ್ಲಿ ತಂದುಕೊಡಬೇಕು. ವಿಹಾರಕ್ಕೆ ಬರುವವರು ತಮ್ಮ ಸಂಸಾರದ ಹೆಸರು, ಜನಸಂಖ್ಯೆ ಎರಡನ್ನೂ ಶನಿವಾರ ಸಂಜೆಯೊಳಗೆ ಮೇಜಿನ ಮೇಲಿನ ಪುಸ್ತಕದಲ್ಲಿ ಬರೆಯಬೇಕು. ಕೆಳಗೆ ನಿಲ್ಲಲು ಇನ್ನೂ ನಾಲ್ವರು ಸ್ವಯಂಸೇವಕರು ಬೇಕಾಗಿದ್ದಾರೆ. ತರುಣರು ಮುಂದೆ ಬರಬೇಕೆಂದು ಪ್ರಾರ್ಥನೆ.